ರುಚಿ ನೋಡುವ ನಂಜಯ್ಯ ಸಾಲ ಮಾಡಿ ಮನೆ ಕೊಂಡದ್ದು

"ಅರವತ್ತು ದಾಟಿದವನಿಗೆ ಸಾಲ ಕೊಡುವುದೂ ಒಂದೇ, ಹೊಳೆಯಲ್ಲಿ ಹುಣಸೆಹಣ್ಣು ತೊಳೆಯುವುದೂ ಒಂದೇ! ನನ್ನನ್ನು ಆ ವಿಷಯದಲ್ಲಿ ಯಾರೂ ಏಮಾರಿಸಲಾರರು!"

ಹೊನ್ನಗಿರಿಯ ತುಂಬಿದ ಆಸ್ಥಾನದಲ್ಲಿ ಬೊಕ್ಕಸದ ಅಧಿಕಾರಿ ಹಂಪಯ್ಯ ಹೀಗೆಂದು ಎದೆ ತಟ್ಟಿಕೊಂಡ. ಅರಮನೆಯ ಹಿಂದಿನ ಬೀದಿಯಲ್ಲಿ ಅವನಿಗೆ ಎಂಟು ಮನೆಗಳಿದ್ದವು. ಎಂಟಕ್ಕೂ ಸೇರಿ ಒಂದೇ ಏಣಿ ಇಟ್ಟುಕೊಂಡಿದ್ದ, ಅಂಥ ಜಿಪುಣ.

ಅವನೆದುರು ಕೈಮುಗಿದು ನಿಂತಿದ್ದವನು ನಂಜಯ್ಯ. ದೊರೆಯ ಊಟವನ್ನು ಮೊದಲು ತಾನು ತಿಂದು, ವಿಷವಿಲ್ಲವೆಂದು ತೋರಿಸುವುದು ಅವನ ಕೆಲಸವಾಗಿತ್ತು. ಅವನು ಒಂದು ತುತ್ತು ನುಂಗಿದ ಮೇಲೆ ಎಲ್ಲರೂ ಒಂದು ಗಳಿಗೆ ಅವನ ಮುಖವನ್ನೇ ನೋಡುತ್ತ ಕೂರುತ್ತಿದ್ದರು. ಆಮೇಲೂ ಅವನು ಬದುಕಿದ್ದರೆ ದೊರೆಗೆ ಊಟ. ಹೀಗೆ ನಲವತ್ತು ವರ್ಷ! ಪಾಪ, ದೊರೆಯಾದರೂ ಪಟ್ಟಕ್ಕೆ ಬಂದ ದಿನದಿಂದ ಬಿಸಿ ಅನ್ನ ಕಂಡವನಲ್ಲ.

ಈಗ ನಂಜಯ್ಯನಿಗೆ ವಯಸ್ಸಾಯಿತೆಂದು ದೊರೆ ನಾನೂರು ವರಹದ ಗಂಟು ಕೊಟ್ಟು ಬಿಡುಗಡೆ ಮಾಡಿದ್ದ. ಅರಮನೆಯ ಕೊಠಡಿ ತೆರವು ಮಾಡಬೇಕು. ಖಾಲಿಯಿದ್ದದ್ದು ಹಂಪಯ್ಯನದೊಂದು ಮನೆ. ಅದರ ಬೆಲೆಯೂ ಸರಿಯಾಗಿ ನಾನೂರು ವರಹ!

"ಸ್ವಾಮಿ, ಗಂಟೆಲ್ಲ ಸುರಿದರೆ ತಲೆ ಮೇಲೆ ಸೂರೇನೋ ಬರುತ್ತೆ. ಒಲೆ ಮೇಲೆ ಇಡೋಕೆ ಏನಿರುತ್ತೆ? ನಾನೂ ನನ್ನ ಹೆಂಡತಿ ತಾಯಮ್ಮನೂ ಗೋಡೆ ನೆಕ್ಕಿಕೊಂಡು ಬದುಕೋಕಾಗುತ್ತಾ? ವರ್ಷಕ್ಕಿಷ್ಟು ಅಂತ ಕಂತಿನಲ್ಲಿ ಕೊಡ್ತೀನಿ," ಎಂದ ನಂಜಯ್ಯ.

"ಕಂತಂತೆ! ಮೂರನೇ ಕಂತಿಗೇ ನೀನು ಗೊಟಕ್ ಅಂದರೆ? ಮಕ್ಕಳಿಲ್ಲದ ಅರಮನೆ ಸೇವಕ ಸತ್ತರೆ ಅವನ ಸಾಲವೂ ಸತ್ತ ಹಾಗೆ, ಮನೆ ಹೆಂಡತಿಗೆ ಅಂತ ಈ ರಾಜ್ಯದ ಕಾನೂನು. ನಗದು ಇಟ್ಟರೆ ಮನೆ. ಇಲ್ಲವೋ, ಛತ್ರದ ಜಗುಲಿ ಇದೆ, ಹೋಗು."

ನಂಜಯ್ಯನ ಕಣ್ಣಲ್ಲಿ ನೀರು ಬಂತು. ದೊರೆ ಮೀಸೆ ಎಳೆದುಕೊಂಡ. ಇಬ್ಬರ ಮಾತೂ ಅವನಿಗೆ ಸರಿಯಾಗಿಯೇ ಕಂಡಿತು. ಇಂಥ ಹೊತ್ತಿನಲ್ಲಿ ದೊರೆಗಳು ಏನು ಮಾಡುತ್ತಾರೋ ಅದನ್ನೇ ಅವನೂ ಮಾಡಿದ. ಆಸ್ಥಾನದ ವಿದೂಷಕ ಸಂಕಣ್ಣನ ಕಡೆ ನೋಡಿದ.

ಸಂಕಣ್ಣ ಎದ್ದು ಬಂದು ಹಂಪಯ್ಯನ ಕಿವಿಯಲ್ಲಿ ಉಸುರಿದ: "ನಗದು ತಗೊಂಡರೆ ನಾನೂರು. ವರ್ಷಕ್ಕೆ ಮೂವತ್ತರ ಹಾಗೆ ಇಪ್ಪತ್ತು ವರ್ಷ ತಗೊಂಡರೆ ಎಷ್ಟಾಯ್ತು?"

"ಆರು ನೂರು," ಎಂದ ಹಂಪಯ್ಯ. ಬಾಯಲ್ಲಿ ನೀರೂರಿತು. "ಆದರೆ ಸತ್ತರೆ?"

"ಅಲ್ಲ ಹಂಪಯ್ಯನವರೇ, ನಲವತ್ತು ವರ್ಷ ವಿಷಕ್ಕೆ ಬಾಯೊಡ್ಡಿ ಸಾಯದವನು, ಹೆಂಡತಿ ಮಾಡಿದ ಮುದ್ದೆ ತಿಂದು ಸಾಯ್ತಾನೆಯೇ?"

ಹೌದಲ್ಲ ಎನ್ನಿಸಿತು ಹಂಪಯ್ಯನಿಗೆ. ಅಲ್ಲೇ ಪತ್ರ ಬರೆಸಿದ. ಮುದ್ರೆಯೂ ಬಿತ್ತು.

ಮುದ್ರೆಯ ಅರಗು ಆರುವ ಮೊದಲೇ ನಂಜಯ್ಯ "ಆಕ್ಷೀ" ಎಂದು ಸೀನಿದ.

ಹಂಪಯ್ಯನ ಜೀವ ಝಲ್ಲೆಂದಿತು. ಆರು ನೂರು ವರಹ ಸೀನುತ್ತಿದೆಯಲ್ಲಪ್ಪಾ! ಮನೆಗೆ ಓಡಿ ಶುಂಠಿ ಕಷಾಯ ಕಾಯಿಸಿ ತಂದ. ಮರುದಿನ ವೈದ್ಯರನ್ನು ಕರೆತಂದ. ಅದರ ಮರುದಿನ ಒಂದು ಕಂಬಳಿ, ಆಮೇಲೆ ಒಂದು ಕುಡಿಕೆ ತುಪ್ಪ. ಸ್ವಂತ ಮಗಳ ಬಾಣಂತನಕ್ಕೂ ಈ ಪುಣ್ಯಾತ್ಮ ತುಪ್ಪ ಕೊಟ್ಟವನಲ್ಲ. ನಂಜಯ್ಯ ಹೆಂಚು ಸರಿಮಾಡಲು ಏಣಿಗೆ ಕಾಲಿಟ್ಟರೆ, "ಇಳಿಯೋ ಮಾರಾಯ! ಬಿದ್ದುಗಿದ್ದೀಯ!" ಎಂದು ತಾನೇ ಕಚ್ಚೆ ಕಟ್ಟಿ ಮಾಡು ಹತ್ತಿದ. ಬೀದಿಯ ಹೆಂಗಸರಿಗೆಲ್ಲ ಎರಡು ದಿನ ಮನೆಕೆಲಸವೇ ಸಾಗಲಿಲ್ಲ, ನಕ್ಕು ನಕ್ಕು.

ಎರಡು ತಿಂಗಳಲ್ಲಿ ನಂಜಯ್ಯ ಗುಂಡಗಾದ. ಹಂಪಯ್ಯ ಕಡ್ಡಿಯಾದ.

ಒಂದು ಮಧ್ಯಾಹ್ನ ದೊರೆ ಸಂಕಣ್ಣನೊಡನೆ ಆ ಬೀದಿಯಲ್ಲಿ ಬರುತ್ತಿದ್ದ. ನಂಜಯ್ಯನ ಮನೆಯ ಜಗುಲಿಯ ಮೇಲೆ ವಿಚಿತ್ರ ನೋಟ! ತಾಯಮ್ಮ ಅಣಬೆ ಸಾರು ಮಾಡಿದ್ದಳು. ಎಲೆಯ ಮುಂದೆ ಹಂಪಯ್ಯ ಕಣ್ಣುಮುಚ್ಚಿ ಕೂತಿದ್ದ. ಗಂಡ ಹೆಂಡತಿ ಇಬ್ಬರೂ ಅವನ ಮುಖವನ್ನೇ ನೋಡುತ್ತಿದ್ದರು.

"ಇದೇನೋ ಹಂಪಯ್ಯ?" ಎಂದ ದೊರೆ.

"ಮಾತಾಡಿಸಬೇಡಿ ಪ್ರಭು. ಕಾಡಿನ ಅಣಬೆ, ನಂಬೋ ಹಾಗಿಲ್ಲ. ಇನ್ನೂ ಅರ್ಧ ಗಳಿಗೆ ಇದೆ."

"ಮೊದಲನೇ ಕಂತೇ ಇನ್ನೂ ಕೊಟ್ಟಿಲ್ಲ, ಬುದ್ಧಿ. ಅದಕ್ಕೇ ಇಷ್ಟು ಅಕ್ಕರೆ," ಎಂದು ನಂಜಯ್ಯ ನಾಚಿಕೊಂಡ.

ದೊರೆಗೆ ನಗು ತಡೆಯಲಾಗಲಿಲ್ಲ. "ಸಂಕಣ್ಣ, ಇವನು ಅವತ್ತು ನಗದು ಕೊಟ್ಟುಬಿಟ್ಟಿದ್ದರೆ?"

"ನಂಜಯ್ಯ ಸತ್ತಾಗ ಹಂಪಯ್ಯನವರು ಹೆಗಲು ಕೊಡೋಕೂ ಬರ್ತಿರಲಿಲ್ಲ, ಪ್ರಭು. ಈಗ ನೋಡಿ, ಅವನ ಬದಲು ತಾವೇ ಸಾಯೋಕೆ ಕೂತಿದ್ದಾರೆ!"

ನಕ್ಕು ನಕ್ಕು ಸುಸ್ತಾದ ದೊರೆಗೆ ಇದ್ದಕ್ಕಿದ್ದಂತೆ ಹೊಟ್ಟೆಕಿಚ್ಚಾಯಿತು. "ಅದೃಷ್ಟವಂತ ಕಣಯ್ಯ ಈ ನಂಜಯ್ಯ. ನಾನು ನೂರು ವರ್ಷ ಬಾಳಲಿ ಅಂತ ಹೀಗೆ ಮನಸಾರೆ ಬೇಡಿಕೊಳ್ಳೋರು ನನಗೆ ಯಾರಿದ್ದಾರೆ?"

"ಇಡೀ ಆಸ್ಥಾನವೇ ಇದೆಯಲ್ಲ ಪ್ರಭು! ಮಂತ್ರಿಗಳಿಂದ ಹಿಡಿದು ಕಸ ಗುಡಿಸೋರ ತನಕ ದಿನಾ ಬೆಳಗ್ಗೆ ದೇವರಿಗೆ ಕೈಮುಗಿಯೋದು ನಿಮ್ಮ ಆಯುಷ್ಯಕ್ಕೇ."

"ಹೌದೇನೋ? ನನ್ನ ಮೇಲೆ ಅಷ್ಟು ಪ್ರೀತಿಯೇ?"

"ಆರು ತಿಂಗಳ ಸಂಬಳ ಬಾಕಿಯಿದೆ, ಪ್ರಭು."

ದೊರೆ ಒಂದು ಕ್ಷಣ ಬೆಪ್ಪಾದ. ಆಮೇಲೆ ಬೀದಿಯೆಲ್ಲ ಕೇಳುವಂತೆ ನಕ್ಕ. ತನ್ನ ಕೊರಳ ಸರವನ್ನು ತೆಗೆದು ಸಂಕಣ್ಣನಿಗೆ ಹಾಕಿದ. "ಹಂಪಯ್ಯ, ಏಳು! ಬೊಕ್ಕಸ ತೆಗೆ. ಎಲ್ಲರ ಬಾಕಿಯನ್ನೂ ಇವತ್ತೇ ತೀರಿಸು."

ಹಂಪಯ್ಯ ಎಲೆ ಬಿಟ್ಟು ಎದ್ದು ನಾಲ್ಕು ಹೆಜ್ಜೆ ಹೋಗಿದ್ದ. ದೊರೆ ಅವನನ್ನು ಮತ್ತೆ ಕೂಗಿದ.

"ಒಂದು ತಿಂಗಳದ್ದು ಮಾತ್ರ ಹಾಗೇ ಇರಲಿ ಕಣಯ್ಯ. ನನಗೂ ಬದುಕೋ ಆಸೆ ಇದೆ."