ಕರೆಂಟಿನ ಒಲೆ ಕಾಯ್ದ ತಿಪ್ಪೇಶಿ

ತಾಮ್ರ ಕರಗಿಸುವ ಕಾರ್ಖಾನೆಯ ಊರಲ್ಲಿ ಬೋರಮ್ಮ ಅಂತ ಒಬ್ಬಳಿದ್ದಳು. ಅವಳಿಗೊಬ್ಬ ಮಗ, ತಿಪ್ಪೇಶಿ. ಮೈಯಲ್ಲಿ ಕಸುವಿತ್ತು, ತಲೆಯ ವಿಷಯದಲ್ಲಿ ಮಾತ್ರ ದೇವರು ಕೈ ಬಿಗಿ ಹಿಡಿದಿದ್ದ. ಗಂಡ ತೀರಿಕೊಂಡ ಮೇಲೆ ಒಲೆ ಕಾಯುವ ಅವನ ಕೆಲಸವನ್ನು ಕಾರ್ಖಾನೆಯ ಸಾಹೇಬರು ಮಗನಿಗೇ ಕೊಟ್ಟರು. ಆ ಕೆಲಸ ಹೋದರೆ ಕಾರ್ಖಾನೆಯವರು ಕೊಟ್ಟ ಮನೆಯೂ ಹೋದಂತೆ.

"ಒಲೆ ಹಸಿದಿರಬಾರದು ಕಣೋ, ಇದ್ದಿಲು ಹಾಕ್ತಾನೇ ಇರು. ನಿಮ್ಮಪ್ಪ ಹಂಗೇ ಮಾಡ್ತಿದ್ದ," ಅಂತ ಹೇಳಿ ಕಳಿಸಿದಳು.

"ಆಗಲಿ ಕಣವ್ವ," ಅಂದ, ಹೋದ.

ಅಲ್ಲಿ ನೋಡಿದರೆ ಹಳೇ ಒಲೆ ಕೆಡವಿ ಕರೆಂಟಿನ ಒಲೆ ಕೂರಿಸಿದ್ದರು. ಅದರ ಬಾಯಿಗೇ ಮೂರು ಬುಟ್ಟಿ ಇದ್ದಿಲು ಸುರಿದ! ಸಂಜೆ ರುದ್ರಪ್ಪ ಮೇಸ್ತ್ರಿ ಬಾಗಿಲಿಗೆ ಬಂದು ಕೂಗಾಡಿದ.

ಬೋರಮ್ಮ ಹಣೆ ಚಚ್ಚಿಕೊಂಡಳು. "ಅಯ್ಯೋ ಪೆದ್ದ ಮುಂಡೇದೇ! ಅದಕ್ಕೆ ಏನೂ ಹಾಕಬಾರದು! ಯಾರಾದ್ರೂ ಹಾಕೋಕೆ ಬಂದ್ರೂ ತಡಿಬೇಕು!"

"ಆಗಲಿ ಕಣವ್ವ."

ಮಾರನೇ ದಿನ ಕೂಲಿಯವರು ಕರಗಿಸೋ ತಾಮ್ರ ಹೊತ್ತು ತಂದರು. ತಿಪ್ಪೇಶಿ ಎರಡೂ ಕೈ ಚಾಚಿ ಅಡ್ಡ ನಿಂತ. ಒಂದು ಚೂರೂ ಒಳಗೆ ಬಿಡಲಿಲ್ಲ. ಬರೀ ಒಲೆ ಕಾದೂ ಕಾದೂ ಒಳಗಿನ ಇಟ್ಟಿಗೆ ಬಿರುಕು ಬಿಟ್ಟಿತು. ಮೇಸ್ತ್ರಿ ಮತ್ತೆ ಬಂದ, ಮತ್ತೆ ಬೈದ.

"ಥೂ ನಿನ್ನ! ಯಾರು ಬಂದ್ರೆ ನಿನಗೇನೋ? ಯಾರು ಏನೇ ಮಾಡ್ಲಿ, ಬಾಯಿ ಮುಚ್ಕೊಂಡು ಸುಮ್ನೆ ನಿಂತಿರು!"

"ಆಗಲಿ ಕಣವ್ವ."

ಇಟ್ಟಿಗೆ ಕಟ್ಟಿ ಮತ್ತೆ ಒಲೆ ಹಚ್ಚಿದರು. ಗೋಡೆಗೆ ಬಣ್ಣ ಬಳಿಯೋಕೆ ಬಂದವನ ಏಣಿ ಜಾರಿ ಮೇನ್ ಸ್ವಿಚ್ಚಿಗೆ ಬಡಿಯಿತು. ಕರೆಂಟು ನಿಂತಿತು. ತಿಪ್ಪೇಶಿ ಕಣ್ಣಾರೆ ಕಂಡ. ಬಾಯಿ ಮುಚ್ಚಿಕೊಂಡು ಸುಮ್ಮನೆ ನಿಂತ. ಯಾರೋ ನೋಡಿ ಸ್ವಿಚ್ಚು ಹಾಕುವಷ್ಟರಲ್ಲಿ ಕರಗಿದ ತಾಮ್ರ ಮುದ್ದೆಯಾಗಿತ್ತು.

"ನಾಳೆ ಒಂದು ದಿನ ನೋಡ್ತಾರಂತೆ ಬೋರಮ್ಮ," ಅಂದ ಮೇಸ್ತ್ರಿ. "ಸಾಹೇಬರೇ ಬಂದು ನಿಲ್ತಾರೆ. ಆಮೇಲೆ ನನ್ನ ಕೈಲಿ ಏನೂ ಇಲ್ಲ."

ಬೋರಮ್ಮನಿಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. "ಕರೆಂಟು ಹೋದ್ರೆ ಸುಮ್ನೆ ನಿಲ್ತಾರೇನೋ? ನಮ್ಮನೇಲಿ ಬೆಂಕಿ ಆರಿದ್ರೆ ನಾನೇನು ಮಾಡ್ತೀನಿ? ಬೆಂಕಿ ಇದ್ದವರ ಮನೆಗೆ ಓಡಿ ಕೆಂಡ ತರಲ್ವಾ? ಹಂಗೇ ಓಡು!"

"ಆಗಲಿ ಕಣವ್ವ."

ಮಾರನೇ ದಿನ ಅವಳಿಗೆ ಮನೆಯಲ್ಲಿ ಕೂರೋಕೆ ಆಗಲಿಲ್ಲ. ಕಾರ್ಖಾನೆಯ ಗೇಟಿಗೇ ಹೋಗಿ ನಿಂತಳು. ಮಧ್ಯಾಹ್ನ ಊರಿಗೆಲ್ಲ ಕರೆಂಟು ಹೋಯಿತು. ಒಳಗೆ ಸಾಹೇಬರು, ಮೇಸ್ತ್ರಿ, ಎಲ್ಲರೂ ಗಟ್ಟಿಯಾಗುತ್ತಿದ್ದ ತಾಮ್ರ ನೋಡುತ್ತ ಒದ್ದಾಡುತ್ತಿದ್ದರು. ತಿಪ್ಪೇಶಿ ಮಾತ್ರ ಎಲ್ಲೂ ಇಲ್ಲ!

ಬಹಳ ಹೊತ್ತಿನ ಮೇಲೆ ಬಂದ. ಹೆಗಲ ಮೇಲೆ ಹಿತ್ತಾಳೆ ಕೊಡ, ಅದರ ಬಾಯಿಗೆ ಬಿಗಿಯಾಗಿ ಕಟ್ಟಿದ ಬಟ್ಟೆ. ಒಂದೊಂದೇ ಹೆಜ್ಜೆ ಇಡುತ್ತಿದ್ದ.

"ಎಲ್ಲಿ ಸತ್ತಿದ್ದೆಯೋ?"

"ಕರೆಂಟ್ ಆಫೀಸಿಗೆ ಹೋಗಿದ್ದೆ ಕಣವ್ವ. ಪಾಪ, ಒಳ್ಳೇ ಜನ, ಎಷ್ಟು ಬೇಕೋ ತುಂಬ್ಕೋ ಅಂದ್ರು. ಚೆಲ್ಲಬಾರದು ಅಂತ ನಿಧಾನ ಬಂದೆ."

ಬೋರಮ್ಮ ಕೊಡ ಕಿತ್ತುಕೊಂಡು ಬಟ್ಟೆ ಎಳೆದಳು. ಒಳಗೆ ಬಗ್ಗಿ ನೋಡಿದಳು. ತಲೆಕೆಳಗು ಮಾಡಿ ಅಲ್ಲಾಡಿಸಿದಳು.

ತಿಪ್ಪೇಶಿ ಹಣೆ ಚಚ್ಚಿಕೊಂಡ. "ಅಯ್ಯೋ ಅವ್ವ! ಎಲ್ಲಾ ಚೆಲ್ಲಿಬಿಟ್ಟೆಯಲ್ಲ! ಈಗ ಸಾಹೇಬರ ಮುಂದೆ ಹೋಗಿ ನೀನೇ ಹೇಳು!"