ಉಣ್ಣುವ ಜಿಗಣೆ

“ಗುರುಗಳೇ, ಹೇಳಿದ್ದನ್ನೇ ಎಷ್ಟು ಸಲ ಹೇಳುವುದು? ಈ ಜನಕ್ಕೆ ಕಿವಿಯೇ ಇಲ್ಲವೇ?” ಎಂದು ಶಿಷ್ಯ ಶಿವಪುತ್ರ ಕೇಳಿದ.

ಮಠದ ಪಂಕ್ತಿಯಲ್ಲಿ ಊಟ ಬಡಿಸಿದ ಮೇಲೆ ಅವನು ದಿನವೂ ಉಪದೇಶ ಹೇಳುತ್ತಿದ್ದ. ಉಣ್ಣುವವರಲ್ಲಿ ಒಬ್ಬರೂ ತಲೆ ಎತ್ತುತ್ತಿರಲಿಲ್ಲ. ಅವನಿಗೆ ರೋಸಿಹೋಗಿತ್ತು. ಇನ್ನು ತನ್ನಿಂದಾಗದು, ಊರಿಗೆ ಹೋಗುತ್ತೇನೆ ಎಂದು ಗಂಟು ಕಟ್ಟಿಕೊಂಡೇ ಬಂದಿದ್ದ.

ಗುರುಗಳು ಆ ಗಂಟಿನ ಕಡೆ ಒಮ್ಮೆ ನೋಡಿ ಕತೆ ಹೇಳಿದರು.

ಒಬ್ಬ ವಿಜ್ಞಾನಿ ಇದ್ದಳು. ಜಿಗಣೆಯ ನರಗಳನ್ನು ಅಭ್ಯಾಸ ಮಾಡುತ್ತಿದ್ದಳು. ಮನುಷ್ಯನ ಮಿದುಳು ದೊಡ್ಡ ಗೋಜಲು. ಜಿಗಣೆಯಲ್ಲಾದರೆ ಒಂದೊಂದು ನರಕೋಶವನ್ನೂ ಗುರುತು ಹಿಡಿಯಬಹುದು ಎಂಬುದು ಅವಳ ನಂಬಿಕೆ. ಮೆಲ್ಲಗೆ ಮುಟ್ಟಿದರೆ ಜಿಗಣೆ ಮೈ ಕೊಂಕಿಸಿ ಈಜಿ ಹೋಗಬೇಕು. ಕೆಲವು ಹೋಗುತ್ತಿದ್ದವು. ಕೆಲವು ಮಿಸುಕುತ್ತಲೇ ಇರಲಿಲ್ಲ. ಮೂರು ವರ್ಷದ ಕೆಲಸ ನೀರುಪಾಲಾಗುವುದರಲ್ಲಿತ್ತು. ಅವಳು ನೀರು ಬದಲಿಸಿದಳು, ಯಂತ್ರ ಬದಲಿಸಿದಳು, ಜಿಗಣೆಗಳನ್ನೇ ಬದಲಿಸಿದಳು. ಕೊನೆಗೆ “ದರಿದ್ರದ ಹುಳವೇ, ನಿನಗೇನು ರೋಗ?” ಎಂದು ಬೈದದ್ದೂ ಆಯಿತು.

ಹೊತ್ತು ಉಳಿಯಲೆಂದು ಅವಳು ಕೆಲವು ಜಿಗಣೆಗಳನ್ನು, ಅವು ರಕ್ತ ಹೀರುತ್ತಿರುವಾಗಲೇ ಮುಟ್ಟಿ ನೋಡುತ್ತಿದ್ದಳು. ಕೆರೆಯಿಂದ ಜಿಗಣೆ ಹಿಡಿದು ತಂದುಕೊಡುವ ಮುದುಕ ಒಂದು ದಿನ ಅದನ್ನು ಕಂಡ. ಏನೋ ಹೇಳಿದ. ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿದ್ದ ಅವಳಿಗೆ ಕೇಳಿಸಲಿಲ್ಲ. ಮತ್ತೆ ಹೇಳಿದ. ಕೇಳಿಸಲಿಲ್ಲ. ಅವನಿಗೂ ತಲೆ ಕೆಟ್ಟು, ದೀಪ ಆರಿಸಿಬಿಟ್ಟ.

“ಅಕ್ಕಾರ, ಅದು ಉಣ್ಣಾಕ್ಹತ್ತೈತ್ರೀ. ಉಣ್ಣುವಾಗ ಬಾಲ ಕೊಯ್ದರೂ ಅದಕ್ಕ ಖಬರ್ ಇರೂದಿಲ್ಲ. ಮೊದಲ ಹೊಟ್ಟಿ ತುಂಬ್ಲಿ ಬಿಡ್ರಿ!” ಎಂದ.

ಅವಳು ಉಣ್ಣುವ ಜಿಗಣೆಯ ನರಗಳನ್ನು ಮತ್ತೆ ಪರೀಕ್ಷಿಸಿದಳು. ನರ ಕೆಟ್ಟಿರಲಿಲ್ಲ. ಮುಟ್ಟಿದ ಸುದ್ದಿ ಒಳಕ್ಕೆ ಹೋಗುವ ಬಾಗಿಲನ್ನು ಜಿಗಣೆಯ ಮೈಯೇ ಮುಚ್ಚಿಕೊಂಡಿತ್ತು. ಊಟ ಮುಗಿದ ಮೇಲೆ ಬಾಗಿಲು ತಾನಾಗಿ ತೆರೆಯುತ್ತಿತ್ತು. ಇಷ್ಟು ದಿನ ಬೈದದ್ದೆಲ್ಲ ದಂಡವಾಯಿತಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ಕತೆ ಮುಗಿಯಿತು. ಶಿವಪುತ್ರ ನಕ್ಕು ಗಂಟನ್ನು ಕೆಳಗಿಟ್ಟ.

“ತಿಳಿಯಿತು ಗುರುಗಳೇ. ಜನ ಉಣ್ಣುತ್ತಿದ್ದರು, ಅದಕ್ಕೇ ಕೇಳಿಸಲಿಲ್ಲ. ನಾಳೆಯಿಂದ ಅವರ ಊಟವಾದ ಮೇಲೆಯೇ ಹೇಳುತ್ತೇನೆ” ಎಂದ.

ಗುರುಗಳು ಕೇಳಿದರು: “ನಿನ್ನೆ ಉಪದೇಶ ಸಾಕು ಮಾಡೆಂದು ನಾನು ಮೂರು ಸಲ ನಿನ್ನ ಭುಜ ತಟ್ಟಿದೆನಲ್ಲ, ಆಗ ನೀನು ಏನು ಉಣ್ಣುತ್ತಿದ್ದೆ?”