ಬೊಂಬೆ ಎನ್ನಬೇಕಿತ್ತು

"ಗುರುಗಳೇ, ನಮ್ಮೂರಿನಲ್ಲಿ ಕೊಲೆಯಾದ ಹನ್ನೊಂದು ಜನರ ಮೇಲೆ ಪದ್ಯ ಬರೆದೆ. 'ಹೆಣ' ಎಂಬ ಮಾತು ಕಿವಿಗೆ ಒರಟಾಯಿತು. ಅದನ್ನು ತೆಗೆದು 'ಉದುರಿದ ಹೂಗಳು' ಎಂದು ಹಾಕಿದೆ. ತಪ್ಪೇ?" ಎಂದು ಶಿಷ್ಯ ಕೇಳಿದ.

ಗುರುಗಳು ಪದ್ಯದ ಹಾಳೆಯನ್ನು ಇಸಿದುಕೊಂಡರು. "ಕೂತು ಕೇಳು" ಎಂದು ಹೇಳತೊಡಗಿದರು.

ಯುರೋಪಿನಲ್ಲಿ ನಾಜಿಗಳು ಲಕ್ಷಾಂತರ ಯೆಹೂದಿಗಳನ್ನು ಕೊಂದರು. ಕೊಲ್ಲುವುದಕ್ಕೆಂದೇ ಜಾಗಗಳನ್ನು ಕಟ್ಟಿದರು. ಅವನ್ನು ನಾವು ಶಿಬಿರ ಎನ್ನುತ್ತೇವೆ. ಕಣ್ಣು ಪರೀಕ್ಷೆಗೂ ಶಿಬಿರ, ಅದಕ್ಕೂ ಶಿಬಿರ. ನಾಚಿಕೆಯಾಗಬೇಕು ನಮಗೆ.

ಯುದ್ಧ ಮುಗಿದು ಬಹಳ ವರ್ಷಗಳಾದ ಮೇಲೆ ಅಲ್ಲಿನ ಒಬ್ಬ ಶಿಲ್ಪಿ ಸತ್ತವರ ನೆನಪಿಗೆಂದು ಮರದಲ್ಲಿ ನೂರು ಆಕೃತಿ ಕೆತ್ತಿದ. ಒಂದರ ಮೇಲೊಂದು ಮಲಗಿಸಿದ. 'ಬೊಂಬೆಗಳು' ಎಂದು ಫಲಕ ಹಾಕಿ ಒಂದು ಸಭಾಂಗಣದಲ್ಲಿ ಪ್ರದರ್ಶನಕ್ಕಿಟ್ಟ. ಕೆಟ್ಟವನಲ್ಲ, ತಿಳಿಯದವನು.

ಶಿಬಿರದಿಂದ ಬದುಕಿ ಬಂದ ಒಬ್ಬ ಮುದುಕಿ ನೋಡಲು ಬಂದಳು. ಫಲಕ ಓದಿ, "ಈ ಹೆಸರು ಯಾಕಿಟ್ಟೆ?" ಎಂದಳು.

"ಅಕ್ಕರೆಯಿಂದ ಇಟ್ಟೆ, ತಾಯೀ. ಮುದ್ದಾದ ಮಗುವನ್ನು ಬೊಂಬೆ ಹಾಗಿದೆ ಅನ್ನೋದಿಲ್ಲವೇ?"

"ನಮ್ಮಮ್ಮನೂ ನನ್ನ ತಂಗೀನ ಹಾಗೇ ಅನ್ನುತ್ತಿದ್ದಳು. ನಾನಿದ್ದ ಕಡೆ ಹೆಣ ಹೊರುವ ಕೆಲಸ ನಮ್ಮದೇ. ಹೆಣ ಅಂದರೆ ಕಾವಲಿನ ನಾಜಿಗಳು ಬಡಿಗೆ ತಗೊಂಡು ಬಡಿಯೋರು. ಬೊಂಬೆ ಅನ್ನಬೇಕಿತ್ತು. ತಂಗಿಯ ಕಾಲು ಹಿಡಿದು ಎಳೆದ ದಿನವೂ ನಾನು ಬೊಂಬೆ ಅಂದೆ. ಅದು ಹೆಣ ಕಣಪ್ಪ. ಅವಳನ್ನು ಕೊಂದರು. ಅಷ್ಟು ಬರಿ, ಸಾಕು."

ಶಿಲ್ಪಿ ಅತ್ತ. ಫಲಕ ಕಿತ್ತು, 'ಹೆಣಗಳು' ಎಂದು ಹೊಸದನ್ನು ಹಾಕಿದ. ಅಂದು ಸಂಜೆಯೇ ಸಭಾಂಗಣದ ಯಜಮಾನರು ಬಂದರು. "ಇದೇನ್ರೀ ಅಸಹ್ಯ? ಮರ್ಯಾದಸ್ಥರು ಹೆಂಡತಿ ಮಕ್ಕಳನ್ನು ಕರೆದುಕೊಂಡು ಬರೋ ಜಾಗ. ಮೊದಲಿನದೇ ಚೆನ್ನಾಗಿತ್ತು" ಎಂದರು. ಕೊಂದದ್ದು ಅಸಹ್ಯವಲ್ಲ ಅವರಿಗೆ, ಪದ ಅಸಹ್ಯ! ಶಿಲ್ಪಿಯಾದರೂ ಆಗುವುದಿಲ್ಲ ಎನ್ನಬಹುದಿತ್ತು. ಎನ್ನಲಿಲ್ಲ. ಹಳೆಯ ಫಲಕವನ್ನೇ ತೂಗುಹಾಕಿದ. ಜನ ಬಂದು ಹೊಗಳಿದರು, ಸನ್ಮಾನ ಮಾಡಿದರು.

ಮುದುಕಿ ಮರುದಿನ ತಂಗಿಯ ಹೆಸರಿನಲ್ಲಿ ಮೇಣದ ಬತ್ತಿ ಹಚ್ಚಲು ಬಂದಳು. ಫಲಕ ನೋಡಿದಳು. ಬಾಗಿಲಿನಿಂದಲೇ ಹಿಂತಿರುಗಿದಳು. ಆಮೇಲೆ ಅತ್ತ ಕಾಲಿಡಲಿಲ್ಲ.

ಕತೆ ಮುಗಿಯಿತು. "ಆ ಶಿಲ್ಪಿ ಹೇಡಿ" ಎಂದ ಶಿಷ್ಯ.

ಗುರುಗಳು ಪದ್ಯದ ಹಾಳೆಯನ್ನು ಅವನ ಮುಂದಕ್ಕೆ ತಳ್ಳಿದರು.

"ಆ ಮುದುಕಿ ಬಡಿಗೆಯ ಏಟಿಗೆ 'ಹೆಣ' ಎಂಬ ಮಾತು ಬಿಟ್ಟಿದ್ದಳು, ನಿನ್ನನ್ನು ಯಾರು ಹೊಡೆದರು?"